ಅಕ್ಷರ ಮೊದಲು ಕಿವಿಗೆ, ಆಮೇಲೆ ಕಣ್ಣಿಗೆ

ಮಗುವಿಗೆ ಮೂರು ವರ್ಷ ತುಂಬುವ ಹೊತ್ತಿಗೆ ಪಟ್ಟಣವಾಸಿಗಳಾದ ನಮ್ಮ ಮನೆಗಳಲ್ಲಿ ಒಂದು ಬಗೆಯ ಆತುರ ತಲೆದೋರುವುದುಂಟು. ಗೋಡೆಗೆ ಬಣ್ಣಬಣ್ಣದ ಅಕ್ಷರಪಟ ಏರುತ್ತದೆ. ಹಲಗೆ, ಬಳಪ, ಚಿತ್ರಪುಸ್ತಕಗಳು ಮನೆ ತುಂಬುತ್ತವೆ. ವಿಜಯದಶಮಿಯಂದು ತಟ್ಟೆಯಲ್ಲಿ ಹರಡಿದ ಅಕ್ಕಿಯ ಮೇಲೆ ತಂದೆಯೋ ಅಜ್ಜನೋ ಮಗುವಿನ ಬೆರಳು ಹಿಡಿದು ಮೊದಲ ಅಕ್ಷರವನ್ನು ಬರೆಯಿಸುತ್ತಾರೆ. ಅನುಕೂಲವುಳ್ಳವರು ಶೃಂಗೇರಿಗೋ ಕೊಲ್ಲೂರಿಗೋ ಹೋಗಿ ಆ ಶುಭಕಾರ್ಯವನ್ನು ನೆರವೇರಿಸಿಕೊಂಡು ಬರುತ್ತಾರೆ. ಇದೆಲ್ಲವೂ ಸಂತೋಷದ ಸಂಗತಿಯೇ. ಆದರೆ ಮಾರನೆಯ ದಿನದಿಂದಲೇ ಮಗುವಿನ ಪರೀಕ್ಷೆಯೂ ಆರಂಭವಾಗಿಬಿಡುತ್ತದೆ. ಮನೆಗೆ ಬಂದ ನೆಂಟರ ಮುಂದೆ ಕೈಕಟ್ಟಿ ನಿಂತು ಅದು ‘ಅ’ಕಾರದಿಂದ ‘ಳ’ಕಾರದವರೆಗೆ ಒಪ್ಪಿಸಬೇಕು. ಒಪ್ಪಿಸಿತೋ, ಮಗು ಜಾಣ. ತಡವರಿಸಿತೋ, ತಾಯಿಯ ಮುಖ ಬಾಡುತ್ತದೆ.

ಹೀಗೆ ಸರಾಗವಾಗಿ ಒಪ್ಪಿಸಿದ ಮಗುವಿನ ಮುಂದೆ ‘ಅರಸ’ ಎಂಬ ಪದವನ್ನು ಬರೆದಿಟ್ಟು ಓದಲು ಹೇಳಿ ನೋಡಿ. “ಅ ಅಗಸ, ರ ರಥ, ಸ ಸರ” ಎಂದು ಅದು ನುಡಿದರೆ ಆಶ್ಚರ್ಯಪಡಬೇಕಾದುದಿಲ್ಲ. ಪಟದ ನಡುವಿನಿಂದ ‘ಬ’ ಅಕ್ಷರವೊಂದನ್ನೇ ಆರಿಸಿ ತೋರಿಸಿದರೆ, ಮಗು ಮನಸ್ಸಿನಲ್ಲಿಯೇ ‘ಪ’ದಿಂದ ಹಾಡುತ್ತ ಬಂದು ಅದನ್ನು ಮುಟ್ಟುವುದೂ ಉಂಟು. ಅದು ಕಲಿತಿರುವುದು ಒಂದು ಹಾಡನ್ನು, ಅಕ್ಷರಗಳನ್ನಲ್ಲ. ಒಪ್ಪಿಸುವುದು ಬೇರೆ, ಓದುವುದು ಬೇರೆ. ಈ ಎರಡರ ನಡುವಿನ ಅಂತರವನ್ನು ಹಿರಿಯರು ಅರಿಯದೆ ಹೋದಾಗ, ಏಳೆಂಟು ವರ್ಷದ ಎಷ್ಟೋ ಮಕ್ಕಳು ನಿಷ್ಕಾರಣವಾಗಿ ‘ದಡ್ಡ’ರೆಂಬ ಹೆಸರನ್ನು ಹೊರಬೇಕಾಗುತ್ತದೆ. ಒಮ್ಮೆ ಅಂಟಿದ ಆ ಹೆಸರು ಪುಸ್ತಕದ ಮೇಲಿನ ಪ್ರೀತಿಯನ್ನೇ ಒಣಗಿಸಬಲ್ಲುದು.

ಹೆಸರೇ ಧ್ವನಿ

ಇಂಗ್ಲಿಷಿನ ಅಕ್ಷರಗಳಿಗೆ ಹೆಸರು ಬೇರೆ, ಧ್ವನಿ ಬೇರೆ. ‘ಸೀ, ಎ, ಟೀ’ ಎಂಬ ಮೂರು ಹೆಸರುಗಳನ್ನು ಎಷ್ಟು ವೇಗವಾಗಿ ಕೂಡಿಸಿ ಹೇಳಿದರೂ ‘ಕ್ಯಾಟ್’ ಎಂಬ ಪದ ಹುಟ್ಟುವುದಿಲ್ಲ. ‘ಎಚ್’ ಎಂಬ ಹೆಸರಿನಲ್ಲಿ ‘ಹ’ಕಾರದ ಸುಳಿವೇ ಇಲ್ಲ, ‘ಡಬ್ಲ್ಯು’ ಎಂಬ ಹೆಸರು ಡಕಾರದಿಂದ ಆರಂಭವಾಗುತ್ತದೆ. ಆ ಭಾಷೆಯನ್ನು ಕಲಿಸುವವರು ಅಕ್ಷರದ ಹೆಸರಿನ ಜೊತೆಗೆ ಅದರ ಧ್ವನಿಯನ್ನೂ ಬೇರೆಯಾಗಿ ಕಲಿಸಬೇಕಾಗಿ ಬಂದಿರುವುದು ಇದರಿಂದಲೇ.

ಕನ್ನಡಕ್ಕೆ ಈ ತೊಡಕಿಲ್ಲ. ‘ರ’ ಎಂಬ ಅಕ್ಷರದ ಹೆಸರೂ ‘ರ’, ಧ್ವನಿಯೂ ‘ರ’. ಅ, ರ, ಸ ಎಂದು ಮೂರನ್ನೂ ಬಿಡದೆ ಉಚ್ಚರಿಸಿದರೆ ಸಾಕು, ‘ಅರಸ’ ತಾನಾಗಿ ಕಣ್ಮುಂದೆ ನಿಲ್ಲುತ್ತಾನೆ. ಇಂತಹ ಸೌಲಭ್ಯವಿರುವಾಗ ನಾವು ಇಂಗ್ಲಿಷಿನ ರೂಢಿಯನ್ನು ಕನ್ನಡಕ್ಕೂ ತಂದು, ಪ್ರತಿಯೊಂದು ಅಕ್ಷರಕ್ಕೂ ಒಂದು ಚಿತ್ರದ ಬಾಲವನ್ನು ಅಂಟಿಸಿ, ಆ ಬಾಲ ಬಿಡದಂತೆ ಬಾಯಿಪಾಠ ಮಾಡಿಸುತ್ತೇವೆ. ಆನೆಯ ಚಿತ್ರ ‘ಆ’ಕಾರವನ್ನು ನೆನಪಿಗೆ ತರಲಿ, ತಪ್ಪಿಲ್ಲ. ಆದರೆ ನೆನಪಾದೊಡನೆ ಆನೆ ಪಕ್ಕಕ್ಕೆ ಸರಿಯಬೇಕು. ಸರಿಯದಿದ್ದರೆ ಮಗು ಅಕ್ಷರವನ್ನು ಕಾಣದೆ ಆನೆಯನ್ನೇ ಕಾಣುತ್ತದೆ.

ಕರ್ನಾಟಕದ ೨೦೧೫ರ ಕನ್ನಡ ಭಾಷಾ ಕಲಿಕೆ ಅಧಿನಿಯಮದ ಅನ್ವಯ ಶಾಲೆಗಳಲ್ಲಿ ಕನ್ನಡವನ್ನು ಪ್ರಥಮ ಅಥವಾ ದ್ವಿತೀಯ ಭಾಷೆಯಾಗಿ ಕಲಿಸಬೇಕಾಗಿದೆ. ಆದುದರಿಂದ ಇಂಗ್ಲಿಷ್ ಮಾಧ್ಯಮದ ಮಗುವಿಗೆ ಎರಡೂ ಲಿಪಿಗಳು ಹೆಚ್ಚುಕಡಿಮೆ ಒಟ್ಟಿಗೇ ಎದುರಾಗುತ್ತವೆ. ಇಂಗ್ಲಿಷಿನ ಮೊದಲ ಅಕ್ಷರವನ್ನು ‘ಎ’ ಎಂದು ಕರೆಯಲು ಕಲಿತ ಕಂದನಿಗೆ ಕನ್ನಡದ ‘ಎ’ ಕಂಡಾಗ ಗಲಿಬಿಲಿಯಾಗುವುದು ಸಹಜ. ಇದು ಮಗುವಿನ ಮಂದಬುದ್ಧಿಯಲ್ಲ. ಎರಡು ಬಗೆಯ ಲೆಕ್ಕಾಚಾರ ಒಂದೇ ಪುಟ್ಟ ತಲೆಯಲ್ಲಿ ಸ್ಥಳ ಹುಡುಕುತ್ತಿರುವುದರ ಗುರುತು.

ಬಾಯಿಯ ಭೂಪಟ

ನಮ್ಮ ವರ್ಣಮಾಲೆ ಕೇವಲ ಒಂದು ಪಟ್ಟಿಯಲ್ಲ. ಹದಿಮೂರು ಸ್ವರ, ಎರಡು ಯೋಗವಾಹ, ಇಪ್ಪತ್ತೈದು ವರ್ಗೀಯ ವ್ಯಂಜನ, ಒಂಬತ್ತು ಅವರ್ಗೀಯ ವ್ಯಂಜನ, ಹೀಗೆ ಒಟ್ಟು ೪೯ ಅಕ್ಷರಗಳನ್ನು ಜೋಡಿಸಿರುವ ರೀತಿಯಲ್ಲಿ ಉಚ್ಚಾರಣೆಯ ಶಾಸ್ತ್ರವೇ ಅಡಗಿದೆ. ‘ಕ’ವರ್ಗ ಹುಟ್ಟುವುದು ಗಂಟಲಿನ ಬಳಿ, ‘ಚ’ವರ್ಗ ಅಂಗುಳಲ್ಲಿ, ‘ಟ’ವರ್ಗ ನಾಲಗೆಯ ತುದಿ ಮೇಲಕ್ಕೆ ಮಡಚಿದಾಗ, ‘ತ’ವರ್ಗ ಹಲ್ಲಿಗೆ ತಾಗಿದಾಗ, ‘ಪ’ವರ್ಗ ಎರಡು ತುಟಿಗಳು ಕೂಡಿದಾಗ. ಅಂದರೆ ಗಂಟಲಿನಿಂದ ಹೊರಟು ತುಟಿಯವರೆಗೆ ನಡೆಯುವ ಒಂದು ಪ್ರಯಾಣ. ಹದಿಮೂರನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ದೇಹದೊಳಗಿನ ಗಾಳಿಯಿಂದ ಶಬ್ದ ಹುಟ್ಟುವ ಬಗೆಯನ್ನು ಕಹಳೆಯ ಹೋಲಿಕೆಯಿಂದ ವಿವರಿಸುತ್ತಾನೆ. ನಮ್ಮ ವೈಯಾಕರಣರಿಗೆ ಅಕ್ಷರವೆಂದರೆ ಮೊದಲು ನಾದ, ಆಕಾರವೆಲ್ಲ ಆಮೇಲಿನದು.

ಇದನ್ನು ಮಗುವಿಗೆ ಆಟದಂತೆ ತೋರಿಸಬಹುದು. ಅಂಗೈಯನ್ನು ಬಾಯಿಯ ಮುಂದೆ ಹಿಡಿದು ‘ಪ’ ಎನ್ನಿಸಿ, ಬಳಿಕ ‘ಫ’ ಎನ್ನಿಸಿ. ಎರಡನೆಯದರಲ್ಲಿ ಬಿಸಿಯುಸಿರು ಅಂಗೈಗೆ ರಪ್ಪನೆ ಬಡಿಯುತ್ತದೆ. ಅಲ್ಪಪ್ರಾಣ, ಮಹಾಪ್ರಾಣವೆಂಬ ದೊಡ್ಡ ಹೆಸರುಗಳ ಅಗತ್ಯವೇ ಇಲ್ಲ. ಬೆರಳನ್ನು ಗಂಟಲಿನ ಮೇಲಿಟ್ಟು ಮೊದಲು ‘ಸ್’ ಎಂದು ಎಳೆಯಲಿ, ಬಳಿಕ ‘ಮ್’ ಎಂದು ಎಳೆಯಲಿ. ಎರಡನೆಯದಕ್ಕೆ ಬೆರಳಿನಡಿಯಲ್ಲಿ ದುಂಬಿ ಗುಂಯ್‌ಗುಟ್ಟಿದಂತಾಗುತ್ತದೆ. ಕನ್ನಡಿಯ ಮುಂದೆ ನಿಂತು ‘ಪ, ಬ, ಮ’ ಎಂದರೆ ತುಟಿ ಮುಚ್ಚುವುದು ಕಾಣುತ್ತದೆ. ‘ತ, ದ, ನ’ ಎಂದರೆ ನಾಲಗೆ ಇಣುಕುತ್ತದೆ. ಐದು ನಿಮಿಷದ ಈ ವಿನೋದದಿಂದ ದೊರೆಯುವ ತಿಳಿವಳಿಕೆ ಐವತ್ತು ಸಲದ ಬಾಯಿಪಾಠದಿಂದ ದೊರೆಯಲಾರದು.

ಕಿವಿಯ ಪಾಠ

ಓದಿಗೆ ಅಡಿಪಾಯ ಹಾಕುವುದು ಕಣ್ಣಲ್ಲ, ಕಿವಿ. ಹಲಗೆಯನ್ನು ಮುಟ್ಟುವುದಕ್ಕೆ ಮೊದಲೇ ಮಗು ಪದಗಳನ್ನು ಬಿಡಿಸಿ ಕೇಳಲು ಕಲಿಯಬೇಕು. ‘ಮಾವಿನಕಾಯಿ’ ಎಂದು ಹೇಳುತ್ತ ಚಪ್ಪಾಳೆ ತಟ್ಟಿಸಿ: ಮಾ, ವಿ, ನ, ಕಾ, ಯಿ. ಐದು ಚಪ್ಪಾಳೆ. ‘ಬಾಳೆ’ಗೆ ಎರಡು. ಮನೆಮಂದಿಯ ಹೆಸರುಗಳಿಗೆಲ್ಲ ತಟ್ಟಿಸಿದರೆ ಒಂದು ಸಂಜೆ ಕಳೆದದ್ದೇ ತಿಳಿಯುವುದಿಲ್ಲ.

ನಮ್ಮ ಮಕ್ಕಳ ಆಟಗಳಲ್ಲಿಯೇ ಇದಕ್ಕೆ ಬೇಕಾದ ಸಾಮಗ್ರಿ ಧಾರಾಳವಾಗಿದೆ. ಹಿರಿಯರಿಗೆ ಗುಟ್ಟು ತಿಳಿಯಬಾರದೆಂದು ಹುಡುಗಿಯರು ಪ್ರತಿಯೊಂದು ಅಕ್ಷರದ ಹಿಂದೆ ಒಂದು ‘ಕ’ ಸೇರಿಸಿ ಆಡುವ ‘ಕ’ ಭಾಷೆಯನ್ನು ಕೇಳಿದ್ದೀರಲ್ಲವೆ? ಪದವನ್ನು ಕ್ಷಣಾರ್ಧದಲ್ಲಿ ಅಕ್ಷರ ಅಕ್ಷರವಾಗಿ ಒಡೆಯಬಲ್ಲ ಕಿವಿಗಲ್ಲದೆ ಅದು ಸಾಧ್ಯವಿಲ್ಲ. ಅಂತ್ಯಾಕ್ಷರಿಯೂ ಅಂತಹುದೇ: ಪದದ ಕೊನೆಯ ಧ್ವನಿಯನ್ನು ಹಿಡಿದು ಅದರಿಂದ ಮತ್ತೊಂದು ಪದವನ್ನು ಎಳೆಯಬೇಕು. ಪಂಜೆ ಮಂಗೇಶರಾಯರು, ಜಿ. ಪಿ. ರಾಜರತ್ನಂ ಮೊದಲಾದವರ ಶಿಶುಗೀತೆಗಳಲ್ಲಿ ಪ್ರಾಸದ ಕುಣಿತವಿದೆ. ಹಳಗನ್ನಡದ ಕವಿಗಳಂತೂ ಪ್ರತಿ ಸಾಲಿನ ಎರಡನೆಯ ಅಕ್ಷರದಲ್ಲಿ ಒಂದೇ ವ್ಯಂಜನವನ್ನು ನಿಲ್ಲಿಸುವ ಆದಿಪ್ರಾಸವನ್ನು ಬಿಡದೆ ಪಾಲಿಸಿದರು. ಪ್ರಾಸವನ್ನು ಗುರುತಿಸಿ ನಗುವ ಮಗು ಆಗಲೇ ಅರ್ಧ ಓದುಗ.

ಅಡಿಗೆ ಮಾಡುತ್ತಲೇ ತಾಯಿ ನಡೆಸಬಹುದಾದ ಇನ್ನೊಂದು ಆಟವುಂಟು. ಬಳೆ, ಬಾಳೆ, ಕೊಡು, ಕೋಡು, ಮನೆ, ಮಣೆ, ಬೆಲೆ, ಬೆಳೆ. “ಸಾರಿಗೆ ಹುಲಿ ಹಾಕಲೋ, ಹುಳಿ ಹಾಕಲೋ?” ಎಂದು ಕೇಳಿದರೆ ಮಗು ಬಿದ್ದು ಬಿದ್ದು ನಗುತ್ತದೆ, ಜೊತೆಗೆ ಲಕಾರ ಳಕಾರಗಳ ಭೇದವೂ ಮನಸ್ಸಿನಲ್ಲಿ ನಿಲ್ಲುತ್ತದೆ. ಹ್ರಸ್ವ ದೀರ್ಘಗಳನ್ನು ಕಿವಿಯಲ್ಲಿ ಬೇರ್ಪಡಿಸಲಾರದ ಮಗುವಿಗೆ ಹಲಗೆಯ ಮೇಲಿನ ದೀರ್ಘದ ಗುರುತು ಬರಿಯ ಒಂದು ಗೀಟು.

ಹಳೆಯ ಮೈಸೂರಿನ ಹಲವು ಕಡೆಗಳಲ್ಲಿ ಆಡುಮಾತಿನಲ್ಲಿ ಹಕಾರ ಜಾರಿ ‘ಹಾಲು’ ‘ಆಲು’ ಆಗುತ್ತದೆ. ಮಹಾಪ್ರಾಣವೂ ದಿನಬಳಕೆಯ ಮಾತಿನಲ್ಲಿ ಎಷ್ಟೋ ವೇಳೆ ಅಲ್ಪಪ್ರಾಣವಾಗಿ ‘ಭೂಮಿ’ ‘ಬೂಮಿ’ ಆಗುತ್ತದೆ. ಮಗು ಹಾಗೆಯೇ ಬರೆದರೆ ಅದು ಕೇಳಿದುದನ್ನು ನಿಷ್ಠೆಯಿಂದ ಬರೆದಿದೆಯೆಂದೇ ಅರ್ಥ. ಗದರಿಸುವುದರ ಬದಲು ಆ ಪದವನ್ನು ಸ್ಪಷ್ಟವಾಗಿ ಎರಡು ಸಲ ನುಡಿದು ಕೇಳಿಸಿದರೆ ಸಾಕು.

ಮರಳಿನ ಮೇಲೆ ಬೆರಳು

ಕಿವಿ, ಬಾಯಿ, ಬೆರಳು ಮೂರೂ ಒಟ್ಟಿಗೆ ಕಲಿಯಬೇಕೆಂಬುದು ನಮ್ಮ ನಾಡಿಗೆ ಹೊಸತಲ್ಲ. ೧೬೨೩ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲ ವಾಲೆ ಗೋವೆಯಿಂದ ಇಕ್ಕೇರಿಗೆ ಬರುವ ದಾರಿಯಲ್ಲಿ ಒಂದು ದೇವಾಲಯದ ಮುಖಮಂಟಪದಲ್ಲಿ ಕೆಲವರು ಹುಡುಗರು ಲೆಕ್ಕ ಕಲಿಯುವುದನ್ನು ಕಂಡು ಬೆರಗಾದನು. ನೆಲದ ಮೇಲೆ ನುಣುಪಾದ ಮರಳನ್ನು ಹರಡಿಕೊಂಡು ಒಬ್ಬನು ಪಾಠವನ್ನು ರಾಗವಾಗಿ ಹಾಡುತ್ತ ಬೆರಳಿನಿಂದ ಬರೆಯುವನು. ಉಳಿದವರು ಅದನ್ನೇ ಹಾಡುತ್ತ ಬರೆಯುವರು. ನೆಲ ತುಂಬಿದಾಗ ಅಳಿಸಿ ಹೊಸ ಮರಳು ಹರಡುವರು. ಗುರುವಿಲ್ಲದೆ ಒಬ್ಬರನ್ನೊಬ್ಬರು ತಿದ್ದಿಕೊಳ್ಳುತ್ತಿದ್ದ ಆ ಹುಡುಗರ ರೀತಿಯನ್ನು ಅವನು ಮೆಚ್ಚಿ ಬರೆದಿಟ್ಟಿದ್ದಾನೆ.

ಮುಂದೆ ಆಂಡ್ರೂ ಬೆಲ್ ಎಂಬ ಸ್ಕಾಟ್ಲೆಂಡಿನ ಪಾದ್ರಿ ೧೭೮೯ರಲ್ಲಿ ಮದರಾಸಿನ ಎಗ್ಮೋರಿನ ಅನಾಥ ಬಾಲಕರ ಶಾಲೆಯ ಹೊಣೆ ಹೊತ್ತನು. ನಾಡಶಾಲೆಯೊಂದರಲ್ಲಿ ಮಕ್ಕಳು ಮರಳಿನ ಮೇಲೆ ಬರೆಯುವುದನ್ನು ಕಂಡು, ಅದೇ ಕ್ರಮದಿಂದ ಇಂಗ್ಲಿಷ್ ಅಕ್ಷರಗಳನ್ನು ಕಲಿಸುವ ಪ್ರಯೋಗಕ್ಕೆ ಕೈಹಾಕಿದನು. ದೊಡ್ಡ ಶಿಕ್ಷಕರು ಒಪ್ಪದಿದ್ದಾಗ ಬಾಲಕನೊಬ್ಬನಿಗೇ ಆ ತರಗತಿಯನ್ನು ಒಪ್ಪಿಸಿದನಂತೆ. ೧೭೯೭ರಲ್ಲಿ ಲಂಡನ್ನಿನಲ್ಲಿ ಅವನ ವರದಿ ಅಚ್ಚಾಯಿತು. ‘ಮದರಾಸು ಪದ್ಧತಿ’ಯೆಂಬ ಹೆಸರಿನಲ್ಲಿ ನಮ್ಮ ಮರಳು ಹೀಗೆ ಇಂಗ್ಲೆಂಡಿನ ಶಾಲೆಗಳನ್ನು ಸೇರಿತು.

೧೯೦೭ರಲ್ಲಿ ರೋಮ್ ನಗರದಲ್ಲಿ ತನ್ನ ಮೊದಲ ‘ಮಕ್ಕಳ ಮನೆ’ಯನ್ನು ತೆರೆದ ಮರಿಯಾ ಮಾಂಟೆಸರಿಯವರು ಉಪ್ಪುಕಾಗದದಲ್ಲಿ ಅಕ್ಷರಗಳನ್ನು ಕತ್ತರಿಸಿ ಹಲಗೆಗೆ ಅಂಟಿಸಿ ಮಕ್ಕಳ ಬೆರಳಿಗೆ ಕೊಟ್ಟರು. ಬೆರಳು ಆಕಾರವನ್ನು ತಡವುತ್ತಿರುವಾಗ ಬಾಯಿ ಅಕ್ಷರದ ಹೆಸರನ್ನಲ್ಲ, ಧ್ವನಿಯನ್ನು ನುಡಿಯಬೇಕೆಂಬುದು ಅವರ ನಿಯಮ. ೧೯೩೯ರಲ್ಲಿ ಅವರು ಮದರಾಸಿನ ಅಡಿಯಾರಿಗೆ ಬಂದು, ಯುದ್ಧದ ವರ್ಷಗಳನ್ನು ಭಾರತದಲ್ಲಿಯೇ ಕಳೆದು, ಇಲ್ಲಿನ ಶಿಕ್ಷಕರಿಗೆ ತರಬೇತಿಯಿತ್ತರು. ಬೆರಳಿನಿಂದ ಕಲಿಯುವ ಮಾರ್ಗ ಹೊಸ ಉಡುಪಿನಲ್ಲಿ ಮತ್ತೆ ನಮ್ಮಲ್ಲಿಗೆ ಬಂದಂತಾಯಿತು.

ಇಂದಿನ ಮನೆಗಳಲ್ಲಿ ಮೊಬೈಲ್ ಫೋನು ಅಕ್ಷರಗಳನ್ನು ಹಾಡಿಸಿ ಕುಣಿಸುತ್ತದೆ. ಗಾಜಿನ ಮೇಲೆ ಜಾರುವ ಬೆರಳಿಗೆ ತಡೆಯಿಲ್ಲ, ಒರಟಿಲ್ಲ. ಒಂದು ತಟ್ಟೆ ರವೆ ಅದಕ್ಕಿಂತ ಒಳ್ಳೆಯ ಉಪಾಧ್ಯಾಯ. ಇನ್ನು ಮೂರು ವರ್ಷದ ಎಳೆಬೆರಳಿಗೆ ಪೆನ್ಸಿಲ್ ತುರುಕಿ ಎರಡು ಗೆರೆಗಳ ನಡುವೆ ಬರೆಯೆಂದು ಒತ್ತಾಯಿಸುವುದು ಸಲ್ಲದು. ರಂಗೋಲಿ ಹಿಟ್ಟು ಚೆಲ್ಲಲಿ, ಹಿಟ್ಟಿನ ಉಂಡೆ ನಾದಲಿ, ಹೂ ಪೋಣಿಸಲಿ. ಕೈ ತಾನಾಗಿ ಹದಗೊಳ್ಳುತ್ತದೆ.

ಯಾವ ಅಕ್ಷರ ಮೊದಲು?

ವರ್ಣಮಾಲೆಯ ಕ್ರಮ ಶಾಸ್ತ್ರಕ್ಕೆ ಶ್ರೇಷ್ಠವಾದುದು. ಓದಿನ ಆರಂಭಕ್ಕೆ ಅದೇ ಸುಲಭವಾದುದೆಂದು ಹೇಳುವಂತಿಲ್ಲ. ಹದಿಮೂರು ಸ್ವರಗಳನ್ನು ಕಲಿತು ಮುಗಿಸಿದರೂ ಮಗುವಿಗೆ ಆ, ಈ, ಓ ಎಂಬಂತಹ ಒಂಟಿ ನುಡಿಗಳ ಹೊರತು ಓದಲು ಒಂದು ಪದವೂ ಸಿಗುವುದಿಲ್ಲ. ಏಕೆಂದರೆ ಕನ್ನಡದಲ್ಲಿ ಸ್ವರಾಕ್ಷರ ನಿಲ್ಲುವುದು ಸಾಮಾನ್ಯವಾಗಿ ಪದದ ಮೊದಲಲ್ಲಿ ಮಾತ್ರ. ತಿಂಗಳುಗಟ್ಟಲೆ ದುಡಿದರೂ ಕೂಲಿ ದೊರೆಯದ ಆಳಿನಂತೆ ಮಗು ಬೇಸರಗೊಳ್ಳುತ್ತದೆ.

ಅದಕ್ಕಾಗಿಯೇ ಕರ್ನಾಟಕದ ಸರ್ಕಾರಿ ಶಾಲೆಗಳ ಒಂದನೆಯ ತರಗತಿಯ ಪಾಠದಲ್ಲಿ ‘ರ, ಗ, ಸ, ದ, ಅ’ ಎಂಬ ಐದು ಅಕ್ಷರಗಳಿಂದ ಆರಂಭಿಸುವ ಕ್ರಮ ಬಂದಿತು. ೧೯೯೫ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಹುಟ್ಟಿ ಮುಂದೆ ರಾಜ್ಯದ ಎಲ್ಲೆಡೆಗೂ ಹಬ್ಬಿದ ‘ನಲಿ-ಕಲಿ’ ಪದ್ಧತಿಯೂ ಇದನ್ನೇ ಬಳಸಿತು. ಐದೇ ಅಕ್ಷರ. ಆದರೆ ಸರ, ರಸ, ದರ, ಅರಸ, ಅಗಸ, ಗರಗಸ, ಎಷ್ಟೊಂದು ಪದಗಳು! ಮೊದಲ ವಾರದಲ್ಲಿಯೇ ಮಗು ನಿಜವಾಗಿ ಓದುತ್ತದೆ. ಓದಿದೆನೆಂಬ ಹೆಮ್ಮೆ ಅದರ ಕಣ್ಣಲ್ಲಿ ಮಿನುಗುತ್ತದೆ.

ಆಕಾರದಲ್ಲಿ ಒಂದನ್ನೊಂದು ಹೋಲುವ ಅಕ್ಷರಗಳನ್ನು ಒಂದೇ ವಾರದಲ್ಲಿ ಕಲಿಸದಿರುವುದು ಲೇಸು. ದ, ಧ, ಥ ಒಂದೇ ಮನೆಯವರು. ಪ, ಫ, ಷ ದಾಯಾದಿಗಳು. ‘ರ’ದ ಹೊಟ್ಟೆಯಲ್ಲಿ ಚುಕ್ಕಿಯಿಟ್ಟರೆ ‘ಠ’. ಒಬ್ಬನ ಪರಿಚಯ ಗಟ್ಟಿಯಾದ ಮೇಲೆ ಮತ್ತೊಬ್ಬನನ್ನು ಕರೆತಂದರೆ ಮಗು ತಾನೇ ವ್ಯತ್ಯಾಸವನ್ನು ಹುಡುಕಿ ತೋರಿಸುತ್ತದೆ.

‘ಅಮ್ಮ’ ಎಂಬ ಕಠಿಣ ಪದ

ಮೂಲಾಕ್ಷರ ಮುಗಿದರೆ ಓದು ಬಂದಂತೆಯೇ ಎಂದು ಭಾವಿಸುವುದು ದೊಡ್ಡ ಭ್ರಮೆ. ನಿಜವಾದ ಏರು ಅಲ್ಲಿಂದ ಮುಂದೆ. ಮೂವತ್ತನಾಲ್ಕು ವ್ಯಂಜನಗಳಿಗೆ ಹದಿನೈದರಂತೆ ಕಾಗುಣಿತ ಬರೆದರೆ ೫೧೦ ರೂಪಗಳಾಗುತ್ತವೆ. ತಲೆಕಟ್ಟು, ಇಳಿ, ಗುಡಿಸು, ಕೊಂಬು, ವಟ್ರಸುಳಿ, ಏತ್ವ, ಓತ್ವ ಎಂದು ಬಾಯಿಪಾಠ ಒಪ್ಪಿಸುವ ಮಗುವಿಗೂ, ‘ಕ’ಕ್ಕೆ ಗುಡಿಸು ಕೊಟ್ಟಾಗ ಅದರೊಳಗಿನ ಅಕಾರ ಹೊರಟುಹೋಗಿ ಇಕಾರ ಬಂದು ಕುಳಿತುದು ಕೇಳಿಸಿರಬೇಕೆಂದೇನೂ ಇಲ್ಲ. ‘ಕ್’ ಎಂದು ತಡೆದು, ‘ಇ’ ಎಂದು ಸೇರಿಸಿ, ‘ಕಿ’ ಎಂದು ಬೆಸೆದು ತೋರಿಸಬೇಕು. ‘ಕಿ’ ಬಂದ ಮೇಲೆ ‘ಗಿ, ರಿ, ಸಿ, ದಿ’ಗಳನ್ನು ಮಗು ತಾನೇ ಊಹಿಸಲಿ. ಅಡ್ಡಸಾಲಿನಲ್ಲಿ ಹದಿನೈದನ್ನು ಉರುಹೊಡೆಯುವುದಕ್ಕಿಂತ ಕೆಳಸಾಲಿನಲ್ಲಿ ಒಂದೇ ಗುರುತನ್ನು ಹಲವು ಅಕ್ಷರಗಳಿಗೆ ಹಚ್ಚಿ ನೋಡುವುದು ಹೆಚ್ಚು ಫಲಕಾರಿ. ‘ಹೂವು’ ಎಂಬುದನ್ನು ‘ಹೂಮ’ ಎಂದು ಓದಿದರೆ ನಗಬೇಡಿ. ‘ವು’ ಮತ್ತು ‘ಮ’ ಎಷ್ಟು ಹತ್ತಿರದ ರೂಪಗಳೆಂಬುದನ್ನು ಒಮ್ಮೆ ನೀವೇ ಬರೆದು ನೋಡಿ.

ಒತ್ತಕ್ಷರದ ವಿಚಾರ ಇನ್ನೂ ಸ್ವಾರಸ್ಯವಾದುದು. ಮಗುವಿಗೆ ಅತ್ಯಂತ ಪ್ರಿಯವಾದ ಪದಗಳು ಯಾವುವು? ಅಮ್ಮ, ಅಪ್ಪ, ಅಕ್ಕ, ಅಣ್ಣ, ಅಜ್ಜ, ಅಜ್ಜಿ. ಎಲ್ಲವೂ ಒತ್ತಕ್ಷರವುಳ್ಳವೇ! ತೊಟ್ಟಿಲಲ್ಲಿಯೇ ನುಡಿಯುವ ಪದವನ್ನು ನಿಯಮದ ಪ್ರಕಾರ ಓದಬೇಕಾದರೆ ಕಲಿಕೆಯ ಕೊನೆಯ ಮೆಟ್ಟಿಲಿನವರೆಗೆ ಕಾಯಬೇಕು. ಅಷ್ಟು ಕಾಯಿಸುವ ಅಗತ್ಯವಿಲ್ಲ. ಇಂತಹ ನಾಲ್ಕಾರು ಪದಗಳನ್ನು ಚಿತ್ರದಂತೆ ಇಡಿಯಾಗಿ ಗುರುತಿಸಲು ಕಲಿಸಿ, ನಿಯಮವನ್ನು ಮುಂದಕ್ಕೆ ಬಿಡಬಹುದು. ‘ಸೂರ್ಯ’ ಎಂಬಲ್ಲಿ ಕಿವಿಗೆ ಮೊದಲು ಕೇಳುವ ‘ರ್’ ಕಣ್ಣಿಗೆ ಅರ್ಕಾವೊತ್ತಿನ ರೂಪದಲ್ಲಿ ಕೊನೆಗೆ ಕಾಣುತ್ತದೆ. ಇಲ್ಲಿ ಎಡವದ ಮಗುವಿಲ್ಲ.

ಎಷ್ಟು ಕಾಲ ಬೇಕು?

ಇಂಗ್ಲಿಷಿನ ಇಪ್ಪತ್ತಾರು ಅಕ್ಷರಗಳನ್ನು ಮಗು ಒಂದು ವರ್ಷದಲ್ಲಿ ಗುರುತಿಸಿಬಿಡುತ್ತದೆ. ಕನ್ನಡಕ್ಕೂ ಅದೇ ಗಡುವನ್ನು ವಿಧಿಸುವುದು ಅನ್ಯಾಯ. ಕನ್ನಡ ಓದುವ ಶಾಲಾಮಕ್ಕಳನ್ನು ಪರೀಕ್ಷಿಸಿ ಸೊನಾಲಿ ನಾಗ್ ಎಂಬ ಸಂಶೋಧಕಿ ೨೦೦೭ರಲ್ಲಿ ಒಂದು ಅಧ್ಯಯನವನ್ನು ಪ್ರಕಟಿಸಿದರು. ಅಕ್ಷರಗಳ ಪೂರ್ಣ ಪರಿಚಯ ಮೂರನೆಯ, ನಾಲ್ಕನೆಯ ತರಗತಿಗಳವರೆಗೂ ಬೆಳೆಯುತ್ತ ಹೋಗುತ್ತದೆ. ಅಕ್ಷರದೊಳಗಿನ ವ್ಯಂಜನ ಸ್ವರಗಳನ್ನು ಬಿಡಿಸಿ ಕೇಳುವ ಶಕ್ತಿ ಮೆಲ್ಲಮೆಲ್ಲನೆ ಬರುತ್ತದೆ ಎಂಬುದು ಅದರ ಸಾರಾಂಶ. ಎರಡನೆಯ ತರಗತಿಯ ಹುಡುಗ ಒತ್ತಕ್ಷರದ ಮುಂದೆ ತಡೆದು ನಿಂತರೆ ಅವನು ಹಿಂದುಳಿದವನಲ್ಲ. ಎಲ್ಲ ಕನ್ನಡದ ಮಕ್ಕಳೂ ಹತ್ತುವ ಏರನ್ನೇ ಅವನೂ ಹತ್ತುತ್ತಿದ್ದಾನೆ.

ಆದರೆ ತಾಳ್ಮೆಯೆಂದರೆ ಅಲಕ್ಷ್ಯವಲ್ಲ. ಎಷ್ಟು ಅಕ್ಕರೆಯಿಂದ ಹೇಳಿಕೊಟ್ಟರೂ ಒಂದೇ ಅಕ್ಷರವನ್ನು ದಿನದಿನವೂ ಮರೆಯುವುದು, ಹತ್ತಿರದ ಧ್ವನಿಗಳ ವ್ಯತ್ಯಾಸ ಕೇಳಿಸದಿರುವುದು, ಪುಸ್ತಕವನ್ನು ಮೂಗಿಗೆ ತಾಗಿಸಿ ಹಿಡಿಯುವುದು, ಓದೆಂದೊಡನೆ ಹೊಟ್ಟೆನೋವೆಂದು ಅಳುವುದು, ಇಂತಹ ಲಕ್ಷಣಗಳು ಬಿಡದೆ ಕಂಡರೆ ಮೊದಲು ಕಿವಿ ಕಣ್ಣುಗಳನ್ನು ವೈದ್ಯರಿಂದ ಪರೀಕ್ಷೆ ಮಾಡಿಸಬೇಕು. ಅವೆರಡೂ ಸರಿಯಾಗಿದ್ದು ತೊಡಕು ಮುಂದುವರಿದರೆ ಕಲಿಕೆಯ ನ್ಯೂನತೆಗಳನ್ನು ಬಲ್ಲ ತಜ್ಞರನ್ನು ಕಾಣುವುದು ಉಚಿತ. ಬುದ್ಧಿವಂತರಾದ ಮಕ್ಕಳಲ್ಲಿಯೂ ಅಕ್ಷರಕ್ಕೂ ಧ್ವನಿಗೂ ಗಂಟು ಬೀಳದಿರುವ ಸ್ಥಿತಿಯುಂಟು. ಪೆಟ್ಟು ಅದಕ್ಕೆ ಔಷಧವಲ್ಲ.

ಮನೆಯವರು ಮಾಡಬೇಕಾದುದು ಬಹಳವೇನಿಲ್ಲ. ದಿನಕ್ಕೆ ಹದಿನೈದು ನಿಮಿಷ ಸಾಕು. ಮಗು ಹಸಿದಿರಬಾರದು, ನಿದ್ದೆಗಣ್ಣಿನಲ್ಲಿರಬಾರದು. ಮೊದಲು ಕಿವಿಯ ಆಟ, ಬಳಿಕ ಬೆರಳಿನ ಆಟ, ಕೊನೆಗೆ ಒಂದೆರಡು ಪದಗಳ ಓದು. ಗೊತ್ತಿರುವುದನ್ನು ಓದಿಸಿ ಮುಗಿಸಿ. ಗೊತ್ತಿಲ್ಲದುದನ್ನು ಕೇಳಿ ಅಳಿಸಿ ಎಬ್ಬಿಸಬೇಡಿ. ರಾತ್ರಿ ಮಲಗುವ ಮುನ್ನ ಹಿರಿಯರೇ ಒಂದು ಕಥೆಯನ್ನು ಪುಸ್ತಕದಿಂದ, ಸಾಲಿನ ಕೆಳಗೆ ಬೆರಳಾಡಿಸುತ್ತ, ಓದಿ ಹೇಳಲಿ. ಆ ಕಪ್ಪು ಗುರುತುಗಳ ಒಳಗೆ ಕಥೆ ಅಡಗಿದೆಯೆಂಬ ಗುಟ್ಟು ಮಗುವಿಗೆ ತಿಳಿಯಬೇಕು. ಆ ಗುಟ್ಟು ತಿಳಿದ ಮಗು ಅಕ್ಷರಕ್ಕಾಗಿ ತಾನೇ ಕೈಚಾಚುತ್ತದೆ. ನೆಂಟರ ಮುಂದೆ ನಿಲ್ಲಿಸಿ ಒಪ್ಪಿಸುವ ಪ್ರಮೇಯವೇ ಬರುವುದಿಲ್ಲ.

‘ಅಕ್ಷರ’ವೆಂದರೆ ನಾಶವಿಲ್ಲದುದು ಎಂದು ಅರ್ಥ. ಒಂದು ವರ್ಷ ತಡವಾಗಿ ಬಂದರೂ ಅದು ಬಾಳಿಡೀ ಜೊತೆಗಿರುತ್ತದೆ. ಅವಸರದಿಂದ ತುರುಕಿದರೆ ನಾಶವಾಗುವುದು ಅಕ್ಷರವಲ್ಲ, ಓದಿನ ಮೇಲಿನ ಅಕ್ಕರೆ.